ಗಾಳಿ ಹಿಡಿಯುವ ಕೆಲಸ: ಮುಂಬಯಿ ಸೆಖೆಯಲ್ಲಿ ಬ್ರೆಡ್ಡು, ಕೇಕು

ಮೇ ತಿಂಗಳಲ್ಲಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ರಾತ್ರಿಯಿಡೀ ಹೊರಗಿರುವುದಿಲ್ಲ. ಸಂಜೆ ಐದಕ್ಕೆ ರುಬ್ಬಿಟ್ಟರೆ ಮಲಗುವ ಮುಂಚೆ ಫ್ರಿಜ್‌ಗೆ ಹೋಗುತ್ತದೆ. ಮರೆತು ಮಲಗಿದರೆ ಬೆಳಗ್ಗೆ ಅದು ಪಾತ್ರೆ ಬಿಟ್ಟು ಕಟ್ಟೆಗಿಳಿದು ಗ್ಯಾಸ್ ಒಲೆಯ ಅಡಿಗೆ ಹೋಗಿ ಕೂತಿರುತ್ತದೆ. ಅದೇ ಅಳತೆಯ ಹಿಟ್ಟು ಡಿಸೆಂಬರ್‌ನಲ್ಲಿ ಪುಣೆಯ ತಮ್ಮನ ಮನೆಯಲ್ಲಿ ಕಂಬಳಿ ಹೊದಿಸಿದರೂ ಏಳುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಆದರೆ ಮೊದಲ ಸಲ ಬ್ರೆಡ್ ಮಾಡಲು ಕೂತಾಗ ನನಗೆ ಇದೆಲ್ಲ ಮರೆತೇ ಹೋಗಿತ್ತು. ರೆಸಿಪಿಯಲ್ಲಿ 'ಬೆಚ್ಚಗಿನ ಜಾಗದಲ್ಲಿ ಒಂದೂವರೆ ಗಂಟೆ ಇಡಿ' ಎಂದಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟೆ. ಒಂದು ಗಂಟೆಯ ಹೊತ್ತಿಗೆ ಅತ್ತೆ ಬಂದು ಬಟ್ಟೆ ಸರಿಸಿ ನೋಡಿದರು.

"ಇದು ಹುಳಿ ವಾಸನೆ ಬರ್ತಾ ಉಂಟಲ್ಲ. ಇನ್ನೂ ಯಾಕೆ ಇಟ್ಟಿದ್ದೀ?"

"ಇನ್ನೂ ಅರ್ಧ ಗಂಟೆ ಇದೆ ಅತ್ತೆ."

"ಗಡಿಯಾರ ಏನು ನೋಡ್ತೀ? ಹಿಟ್ಟು ನೋಡು."

ನಾನು ಗಡಿಯಾರವನ್ನೇ ನೋಡಿದೆ. ಓವನ್ನಿಗೆ ಹೋದ ಬ್ರೆಡ್ಡು ಏಳುವ ಬದಲು ಕುಸಿದು, ನಡುವೆ ತಗ್ಗಾಗಿ, ಹೆಂಡದ ವಾಸನೆ ಹೊತ್ತು ಹೊರಬಂತು. ಆ ರೆಸಿಪಿ ಬರೆದವರ ಅಡುಗೆಮನೆಯಲ್ಲಿ 21 ಡಿಗ್ರಿ ಇದ್ದಿರಬೇಕು. ನನ್ನದರಲ್ಲಿ 33.

ಬ್ರೆಡ್ಡಾಗಲಿ, ಕೇಕಾಗಲಿ, ಇಡ್ಲಿಯಾಗಲಿ, ಉಬ್ಬುವ ತಿಂಡಿಯ ಕಥೆ ಒಂದೇ. ಒಳಗೆ ಗಾಳಿ ಹುಟ್ಟಬೇಕು, ಇಲ್ಲವೇ ನಾವು ತುಂಬಬೇಕು. ಆ ಗಾಳಿಯನ್ನು ಏನೋ ಒಂದು ಹಿಡಿದಿಡಬೇಕು. ಅದು ಹಿಡಿದುಕೊಂಡಿರುವಾಗಲೇ ಬಿಸಿ ತಾಗಿ ಗುಳ್ಳೆಗಳ ಗೋಡೆ ಗಟ್ಟಿಯಾಗಬೇಕು. ಇಡ್ಲಿಯಲ್ಲಿ ಗಾಳಿ ಹುಟ್ಟಿಸುವುದು ಸೂಕ್ಷ್ಮಜೀವಿಗಳು, ಹಿಡಿದಿಡುವುದು ಉದ್ದಿನ ಲೋಳೆ, ಗಟ್ಟಿ ಮಾಡುವುದು ಹಬೆ. ಉದ್ದು ಕಡಿಮೆ ಹಾಕಿದರೆ ಹಿಟ್ಟು ಹುಳಿ ಬಂದರೂ ಇಡ್ಲಿ ಕಲ್ಲಾಗುವುದು ಇದಕ್ಕೇ. ಗಾಳಿ ಹುಟ್ಟಿತು, ಹಿಡಿಯುವವರಿರಲಿಲ್ಲ. ಬ್ರೆಡ್ಡು, ಕೇಕು ಕೆಟ್ಟಾಗಲೂ ಇದೇ ಮೂರು ಕಡೆ ಹುಡುಕಿದರೆ ಸಾಕು. ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ.

ಯೀಸ್ಟಿಗೆ ನಮ್ಮ ಊರು ಸಿಕ್ಕಾಪಟ್ಟೆ ಇಷ್ಟ

ಬ್ರೆಡ್ಡಿನಲ್ಲಿ ಗಾಳಿ ಹುಟ್ಟಿಸುವುದು ಯೀಸ್ಟ್. ಇದೊಂದು ಜೀವಂತ ಶಿಲೀಂಧ್ರ, ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಹಿಟ್ಟಿನ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಸ್ವಲ್ಪ ಆಲ್ಕೋಹಾಲ್ ಕೂಡ. ಆಲ್ಕೋಹಾಲ್ ಓವನ್ನಿನಲ್ಲಿ ಬಹುಮಟ್ಟಿಗೆ ಹಾರಿಹೋಗುತ್ತದೆ. ಗೋವಾದ ಪೊದೆರ್‌ಗಳು, ಅಂದರೆ ಅಲ್ಲಿನ ಸಾಂಪ್ರದಾಯಿಕ ಬೇಕರಿಯವರು, ಹಿಂದೆ ಪ್ಯಾಕೆಟ್ ಯೀಸ್ಟ್ ಇಲ್ಲದ ಕಾಲದಲ್ಲಿ ತೆಂಗಿನ ಶೇಂದಿ ಹಾಕಿ ಹಿಟ್ಟು ಏಳಿಸುತ್ತಿದ್ದರು. ಕೊಂಕಣಿಯಲ್ಲಿ ಅದಕ್ಕೆ ಸೂರ್ ಎನ್ನುತ್ತಾರೆ. ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳ ಸನ್ನಕ್ಕೂ, ಅಂದರೆ ಇಡ್ಲಿಯಂಥ ಅಕ್ಕಿ ತಿಂಡಿಗೂ, ಅದೇ ಶೇಂದಿ. ಅದರಲ್ಲಿರುವುದೂ ಯೀಸ್ಟೇ, ಪ್ಯಾಕೆಟ್ಟಿನಲ್ಲಿ ಇಲ್ಲ ಅಷ್ಟೇ.

ಯೀಸ್ಟಿಗೆ 25ರಿಂದ 35 ಡಿಗ್ರಿ ಸೆಲ್ಸಿಯಸ್ ಬಹಳ ಹಿತ. ಆ ಮಿತಿಯ ತನಕ ಸುಮಾರು ಎಂಟು ಹತ್ತು ಡಿಗ್ರಿ ಬಿಸಿ ಏರಿದಂತೆ ಅದರ ಕೆಲಸದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ ತಣ್ಣನೆ ಊರಿನ ಒಂದೂವರೆ ಗಂಟೆ ನಮ್ಮಲ್ಲಿ ಮೇ ತಿಂಗಳಿಗೆ ನಲವತ್ತು ಐವತ್ತು ನಿಮಿಷ. 'ಬೆಚ್ಚಗಿನ ಜಾಗ' ಎಂಬ ಸಲಹೆ ಚಳಿ ದೇಶದವರಿಗೆ ಬರೆದದ್ದು. ಮುಂಬಯಿಯವರು ಹುಡುಕಬೇಕಾದ್ದು ತಂಪು ಜಾಗ.

ಬೇಗ ಆದರೆ ಒಳ್ಳೆಯದೇ ಅಲ್ವಾ ಎಂದು ಕೇಳಬಹುದು. ಅಲ್ಲ. ಬ್ರೆಡ್ಡಿನ ಪರಿಮಳ ಹುಟ್ಟುವುದು ನಿಧಾನಕ್ಕೆ. ಅವಸರದಲ್ಲಿ ಎದ್ದ ಹಿಟ್ಟಿಗೆ ಗಾಳಿ ಇರುತ್ತದೆ, ರುಚಿ ಇರುವುದಿಲ್ಲ. ಇನ್ನೊಂದು ತೊಂದರೆ ಎಂದರೆ ಸರಿಯಾದ ಹದಕ್ಕೂ ಮೀರಿದ ಹದಕ್ಕೂ ನಡುವೆ ಸಿಗುವ ಸಮಯವೇ ಕಡಿಮೆ. ಬಾಗಿಲಿಗೆ ಕೊರಿಯರ್ ಬಂತು, ಪಕ್ಕದ ಮನೆಯವರ ಜೊತೆ ಎರಡು ಮಾತಾಯಿತು, ವಾಪಸ್ ಬಂದರೆ ಹಿಟ್ಟು ಕೈಮೀರಿದೆ.

ಇದಕ್ಕೆ ಬೇಕರಿಯವರ ಹತ್ತಿರ ಒಂದು ಸುಲಭ ಲೆಕ್ಕ ಇದೆ. ಕಲಸಿದ ಹಿಟ್ಟು ಸುಮಾರು 26 ಡಿಗ್ರಿ ಇರಬೇಕು ಎಂದುಕೊಳ್ಳಿ. 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಕೋಣೆಯ ಉಷ್ಣತೆ ಕಳೆಯಿರಿ, ಡಬ್ಬಿಯಲ್ಲಿರುವ ಮೈದಾದ ಉಷ್ಣತೆ ಕಳೆಯಿರಿ. ನಮ್ಮ ಮನೆಯಲ್ಲಿ ಎರಡೂ 32. ಉಳಿದದ್ದು 14. ನಾದುವಾಗ ತಿಕ್ಕಾಟದಿಂದ ಬರುವ ಬಿಸಿಗೆ ಇನ್ನೆರಡು ಕಳೆದರೆ 12. ಅಂದರೆ ನೀರು 12 ಡಿಗ್ರಿ ಇರಬೇಕು. ಮುಕ್ಕಾಲು ಪಾಲು ಫ್ರಿಜ್ ನೀರು, ಕಾಲು ಪಾಲು ನಲ್ಲಿ ನೀರು ಬೆರೆಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಮಿಕ್ಸರ್ ಯಂತ್ರದಲ್ಲಿ ನಾದಿದರೆ ತಿಕ್ಕಾಟ ಜಾಸ್ತಿ, ಪೂರ್ತಿ ಫ್ರಿಜ್ ನೀರೇ ಹಾಕಬೇಕು. ಯೀಸ್ಟಿಗೆ ಬಿಸಿನೀರು ಬೇಕೇಬೇಕು ಎಂದು ನಂಬಿದವರಿಗೆ ಇದು ವಿಚಿತ್ರ ಎನಿಸಬಹುದು. ಬೆಚ್ಚಗಿನ ನೀರಿನಲ್ಲಿ ನೆನೆಸಬೇಕಾದ್ದು ಗುಂಡು ಗುಂಡಾಗಿರುವ ಆಕ್ಟಿವ್ ಡ್ರೈ ಯೀಸ್ಟನ್ನು, ಸುಮಾರು 40 ಡಿಗ್ರಿಯಲ್ಲಿ. ಸಣ್ಣ ಕಾಳಿನ ಇನ್‌ಸ್ಟಂಟ್ ಯೀಸ್ಟನ್ನು ನೇರ ಮೈದಾಕ್ಕೇ ಬೆರೆಸಬಹುದು. ತಣ್ಣೀರನ್ನು ಅದು ಸಹಿಸುತ್ತದೆ. ತೀರಾ ಬಿಸಿನೀರನ್ನು ಎರಡೂ ಸಹಿಸುವುದಿಲ್ಲ. 60 ಡಿಗ್ರಿಯ ಆಸುಪಾಸಿಗೆ ಸತ್ತೇ ಹೋಗುತ್ತವೆ.

ಇನ್ನೂ ಸುಲಭದ ದಾರಿ ಫ್ರಿಜ್. ರಾತ್ರಿ ಊಟದ ಮೇಲೆ ಕಲಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಎದ್ದಿರುತ್ತದೆ. ಚಳಿಯಲ್ಲಿ ಯೀಸ್ಟ್ ಮಂದವಾಗುತ್ತದೆ, ನಿಲ್ಲುವುದಿಲ್ಲ. ರುಚಿಯೂ ಜಾಸ್ತಿ. ಆರೂಮುಕ್ಕಾಲರ ಫಾಸ್ಟ್ ಲೋಕಲ್ ಹಿಡಿಯುವ ಮನೆಯಲ್ಲಿ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಸಂಜೆ ಬಂದು ಬೇಯಿಸಿದರೂ ನಡೆಯುತ್ತದೆ.

ಹದ ತಿಳಿಯುವುದಕ್ಕೆ ಬೆರಳೇ ಸಾಕು. ಒಮ್ಮೆ ಎದ್ದ ಮೇಲೆ ಆಕಾರ ಕೊಟ್ಟು ಟಿನ್ನಿಗಿಟ್ಟು, ಅಲ್ಲಿ ಎರಡನೇ ಸಲ ಏಳುತ್ತಿರುವ ಹಿಟ್ಟನ್ನು ಒದ್ದೆ ಬೆರಳಿನಿಂದ ಮೆತ್ತಗೆ ಒತ್ತಿ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಸಮಯ ಬೇಕು. ನಿಧಾನಕ್ಕೆ ಅರ್ಧ ತುಂಬಿ ನಿಂತರೆ ಓವನ್ನಿಗೆ ಹಾಕಿ. ಗುಳಿ ಹಾಗೇ ಉಳಿದರೆ ತಡವಾಗಿದೆ. ಆದರೂ ಬಿಸಾಡಬೇಡಿ. ಒತ್ತಿ ಗಾಳಿ ತೆಗೆದು, ಮತ್ತೆ ಉಂಡೆ ಕಟ್ಟಿ, ಇನ್ನೊಮ್ಮೆ ಏಳಲು ಬಿಡಿ. ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ತಿನ್ನುವ ಹಾಗೆ ಬರುತ್ತದೆ.

ಹೋಳಿಗೆಯ ಕಣಕ

ಇನ್ನು ಹಿಡಿದಿಡುವವರ ಕಥೆ. ಮೈದಾದ ಒಂದು ಸಣ್ಣ ಉಂಡೆಯನ್ನು ಚೆನ್ನಾಗಿ ನಾದಿ, ಅರ್ಧ ಗಂಟೆ ಬಿಟ್ಟು, ಬೋಗುಣಿ ನೀರಿನಲ್ಲಿ ಹಿಚುಕುತ್ತಾ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ನೀರು ಬದಲಾಯಿಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ರಬ್ಬರಿನಂಥ ಬೂದು ಬಣ್ಣದ ಮುದ್ದೆ ಉಳಿಯುತ್ತದೆ. ಅದೇ ಗ್ಲುಟನ್. ಮಕ್ಕಳಿಗೆ ತೋರಿಸಿ, ಬಹಳ ಖುಷಿಪಡುತ್ತಾರೆ.

ಗೋಧಿಯಲ್ಲಿರುವ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನ್‌ಗಳು ನೀರು ಸಿಕ್ಕಿದಾಗ ಸೇರಿಕೊಂಡು ಬಲೆ ಹೆಣೆಯುತ್ತವೆ. ಒಂದು ಬಲೆಗೆ ಬಿಗಿ ಕೊಡುತ್ತದೆ, ಇನ್ನೊಂದು ಹಿಗ್ಗುವ ಗುಣ ಕೊಡುತ್ತದೆ. ನಾದಿದಷ್ಟೂ ಬಲೆ ಗಟ್ಟಿಯಾಗುತ್ತದೆ. ಯೀಸ್ಟ್ ಬಿಡುವ ಗಾಳಿ ಈ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟನ್ನು ಬಲೂನಿನಂತೆ ಉಬ್ಬಿಸುತ್ತದೆ. ಅಕ್ಕಿಯಲ್ಲಿ, ರಾಗಿಯಲ್ಲಿ, ಜೋಳದಲ್ಲಿ ಈ ಬಲೆ ಇಲ್ಲ. ಅದಕ್ಕೇ ರಾಗಿ ಹಿಟ್ಟೊಂದರಿಂದಲೇ ಪಾವ್ ಮಾಡಲಾಗುವುದಿಲ್ಲ.

ಹದವಾಗಿ ನಾದಿದ್ದು ಹೇಗೆ ಗೊತ್ತಾಗಬೇಕು? ಎಲ್ಲರೂ ಹೇಳುವ ಪರೀಕ್ಷೆ, ಒಂದು ತುಂಡು ಹಿಟ್ಟನ್ನು ಎರಡೂ ಕೈಯಿಂದ ಎಳೆದು, ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗುತ್ತದೆಯೇ ನೋಡುವುದು. ಇದನ್ನು ಓದಿದ ದಿನ ನನಗೆ ನಗು ಬಂತು. ಹೋಳಿಗೆಯ ಕಣಕಕ್ಕೆ ಅಮ್ಮ ಮಾಡುತ್ತಿದ್ದುದೂ ಇದೇ. ಎಣ್ಣೆ ಹಾಕಿ ಹಾಕಿ ನಾದಿ, ಎರಡು ಮೂರು ಗಂಟೆ ನೆನೆಯಲು ಬಿಟ್ಟು, ಎಳೆದರೆ ಹರಿಯಬಾರದು, ಹೂರಣದ ಬಣ್ಣ ಹೊರಗೆ ಕಾಣಬೇಕು. ಆ ಹದ ಗೊತ್ತಿರುವ ಕೈಗೆ ಬ್ರೆಡ್ಡು ಹೊಸ ವಿದ್ಯೆಯೇ ಅಲ್ಲ. ಅಮ್ಮ ಕಣಕವನ್ನು ನೆನೆಯಲು ಬಿಡುತ್ತಿದ್ದುದಕ್ಕೂ ಕಾರಣ ಇದೆ. ನೀರು ಹಿಟ್ಟಿನೊಳಗೆಲ್ಲ ಹರಡಿ ಬಲೆ ತನ್ನಷ್ಟಕ್ಕೆ ಬೆಳೆಯುತ್ತದೆ, ನಾದಿ ಬಿಗಿಯಾದದ್ದು ಸಡಿಲವಾಗುತ್ತದೆ. ಬ್ರೆಡ್ಡಿಗೂ ಮೊದಲು ಕಲಸಿ ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟರೆ ನಾದುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಎಲ್ಲ ಮೈದಾ ಒಂದೇ ಅಲ್ಲ. ಪ್ಯಾಕೆಟ್ಟಿನ ಹಿಂದೆ ನೂರು ಗ್ರಾಮಿಗೆ ಎಷ್ಟು ಪ್ರೋಟೀನ್ ಎಂದು ಬರೆದಿರುತ್ತದೆ. ಬ್ರೆಡ್ಡಿಗೆ 11, 12 ಇದ್ದರೆ ಒಳ್ಳೆಯದು. 9, 10ರದ್ದು ಕೇಕಿಗೆ, ಬಿಸ್ಕತ್ತಿಗೆ. ಚಕ್ಕಿ ಆಟಾದಲ್ಲಿ ಪ್ರೋಟೀನ್ ಇದ್ದರೂ ಬ್ರೆಡ್ಡು ಭಾರವಾಗಿ ಬರುತ್ತದೆ. ಅದರ ತೌಡಿನ ಚೂರುಗಳು ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಕಲ್ಲಿನ ನಡುವೆ ಬೀಸಿದಾಗ ಪಿಷ್ಟದ ಕಣಗಳು ಜಜ್ಜಿ ನೀರನ್ನೂ ಜಾಸ್ತಿ ಕುಡಿಯುತ್ತವೆ. ಚಪಾತಿ ಮೆತ್ತಗಾಗಲು ಅದು ಬೇಕು, ಬ್ರೆಡ್ಡಿಗೆ ಕಷ್ಟ. ನಾನು ಅರ್ಧ ಆಟಾ, ಅರ್ಧ ಮೈದಾ ಹಾಕುತ್ತೇನೆ, ನೀರು ಎರಡು ಮೂರು ಚಮಚ ಹೆಚ್ಚಿಗೆ. ಅಂಗಡಿಯ ಬ್ರೌನ್ ಬ್ರೆಡ್ಡಿನ ಪಟ್ಟಿಯನ್ನೂ ಒಮ್ಮೆ ಓದಿ. ಕೆಲವದರಲ್ಲಿ ಮೊದಲ ಹೆಸರು ಮೈದಾ, ಕಂದು ಬಣ್ಣ ಕ್ಯಾರಮೆಲ್‌ನದು.

ಅಳತೆಯ ಬಗ್ಗೆ ಒಂದೇ ಮಾತು. ಕಪ್ಪು ಬಿಡಿ, ತಕ್ಕಡಿ ಹಿಡಿಯಿರಿ. ಒಂದೇ ಕಪ್ಪಿನಲ್ಲಿ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150. ಬೇಕರಿಯವರು ಮೈದಾವನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದರ ಮೇಲೆ ಲೆಕ್ಕ ಹಾಕುತ್ತಾರೆ. ನೀರು 60ರಿಂದ 65, ಉಪ್ಪು 2, ಇನ್‌ಸ್ಟಂಟ್ ಯೀಸ್ಟ್ 1. ಅಂದರೆ 500 ಗ್ರಾಂ ಮೈದಾಕ್ಕೆ 300ರಿಂದ 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಯೀಸ್ಟು. ಮೇ ತಿಂಗಳಲ್ಲಿ ನಾನು ಯೀಸ್ಟನ್ನು 3 ಗ್ರಾಮಿಗೆ ಇಳಿಸುತ್ತೇನೆ. ಬೇಕಿದ್ದರೆ 20 ಗ್ರಾಂ ಸಕ್ಕರೆ, 25 ಗ್ರಾಂ ಬೆಣ್ಣೆ. ಒಂದು ಟಿನ್ ಬ್ರೆಡ್ಡು, ಮೇಲೆ ನಾಲ್ಕೈದು ಪಾವ್ ಆಗುತ್ತದೆ. ಉಪ್ಪು ಮರೆಯಬೇಡಿ. ಅದು ಯೀಸ್ಟಿಗೆ ಕಡಿವಾಣ, ಬಲೆಗೆ ಬಿಗಿ. ನಾನು ಒಮ್ಮೆ ಮರೆತಿದ್ದೆ. ಹಿಟ್ಟು ಕೈಗೆಲ್ಲ ಅಂಟಿಕೊಂಡು, ಬೆಂದ ಮೇಲೆ ಬಾಯಿಗೆ ಸಪ್ಪೆ ಹತ್ತಿ ಇಟ್ಟ ಹಾಗಿತ್ತು.

ಮಳೆಗಾಲ ಶುರುವಾದರೆ ಮೈದಾ ಡಬ್ಬಿಯೊಳಗೇ ತೇವ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರನ್ನು ಒಮ್ಮೆಗೇ ಸುರಿಯಬೇಡಿ. ಎರಡು ಚಮಚ ಉಳಿಸಿಕೊಂಡು, ಹಿಟ್ಟು ಕೇಳಿದರೆ ಹಾಕಿ.

ಲಾದಿ ಪಾವ್, ಬ್ರುನ್ ಮತ್ತು ಇಟ್ಟಿಗೆಯ ಭಟ್ಟಿ

ಪಾವ್ ಎಂಬ ಹೆಸರು ಪೋರ್ಚುಗೀಸರದು. ಅವರ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾಂವ್' ಎಂಬಂತೆ ಉಚ್ಚರಿಸುವ ಪದ ಇದೆ. ಪೊದೆರ್ ಎಂಬ ಪದವೂ ಅಲ್ಲಿಂದಲೇ ಬಂದದ್ದು. ಗೋವಾದಲ್ಲಿ ಈಗಲೂ ಬೆಳಗ್ಗೆ ಸೈಕಲ್ಲಿನ ಹಾರ್ನ್ ಕೇಳಿದರೆ ಪೊದೆರ್ ಬಂದ ಎಂದು ಅರ್ಥ. ಬುಟ್ಟಿಯಲ್ಲಿ ತೌಡು ಹಚ್ಚಿದ ಪೊಯ್, ದುಂಡಗಿನ ಉಂಡೊ, ಬಳೆಯಂಥ ಕಾಂಕಣ್. ಮುಂಬಯಿಗೆ ಬಂದರೆ ವಡೆಯ ಜೊತೆ ಲಾದಿ ಪಾವ್, ಇರಾನಿ ಹೋಟೆಲಿನ ಚಹಾದ ಜೊತೆ ಬ್ರುನ್ ಮಸ್ಕಾ, ಅಂದರೆ ಬೆಣ್ಣೆ ಸವರಿದ ಬ್ರುನ್.

ಲಾದಿ ಪಾವಿಗೂ ಬ್ರುನ್‌ಗೂ ದೊಡ್ಡ ವ್ಯತ್ಯಾಸ ಮೈಯ ಸಿಪ್ಪೆಯಲ್ಲಿ. ಲಾದಿಯಲ್ಲಿ ಉಂಡೆಗಳನ್ನು ಒತ್ತೊತ್ತಾಗಿ ಇಡುತ್ತಾರೆ. ಎದ್ದಾಗ ಒಂದಕ್ಕೊಂದು ಅಂಟಿ, ತಾಗಿಕೊಂಡ ಬದಿಗೆ ಬಿಸಿಗಾಳಿಯೇ ತಾಗುವುದಿಲ್ಲ. ಆ ಬದಿ ಸಿಪ್ಪೆ ಕಟ್ಟದೆ ಹತ್ತಿಯಂತೆ ಉಳಿಯುತ್ತದೆ. ಬಿಡಿಸಿದಾಗ ಎಳೆ ಎಳೆಯಾಗಿ ಬರುವುದು ಅದಕ್ಕೆ. ಬ್ರುನ್ ಒಂಟಿಯಾಗಿ ಬೇಯುತ್ತದೆ, ಸುತ್ತಲೂ ಕಡಕ್ ಆಗುತ್ತದೆ. ಮನೆಯಲ್ಲಿ ಪಾವ್ ಗಟ್ಟಿಯಾಯಿತು ಎನ್ನುವವರು ಉಂಡೆಗಳನ್ನು ದೂರ ದೂರ ಇಟ್ಟಿದ್ದರೇ ಎಂದು ಮೊದಲು ನೋಡಬೇಕು.

ಹಳೆಯ ಬೇಕರಿಗಳ ಇಟ್ಟಿಗೆ ಭಟ್ಟಿಯನ್ನು ನೋಡಿದರೆ ನಮ್ಮ ಒಟಿಜಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್, ಆಟಿಕೆಯಂತೆ ಕಾಣುತ್ತದೆ. ದಪ್ಪ ಗೋಡೆ ಗಂಟೆಗಟ್ಟಲೆ ಕಾದು ಶಾಖ ತುಂಬಿಕೊಂಡಿರುತ್ತದೆ. ಬಾಗಿಲು ತೆರೆದು ನೂರಾರು ಪಾವ್ ಒಳಗೆ ತಳ್ಳಿದರೂ ಬಿಸಿ ಇಳಿಯುವುದಿಲ್ಲ. ಅಷ್ಟು ಪಾವಿನಿಂದ ಹೊರಡುವ ಹಬೆ ಒಳಗೇ ಉಳಿಯುತ್ತದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಗಾಳಿ ಮಾಲಿನ್ಯದ ಕಾರಣಕ್ಕೆ, ಮುಂಬಯಿಯ ಸೌದೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿನಂಥ ಶುದ್ಧ ಇಂಧನಕ್ಕೆ ಹೋಗಬೇಕೆಂದು ಹೇಳಿತು. ಪಾವಿನ ರುಚಿ ಹೋಗುತ್ತದೆ ಎಂದು ತುಂಬ ಜನ ಬೇಸರಪಟ್ಟರು. ನನಗನಿಸುವಂತೆ ಆ ರುಚಿಯಲ್ಲಿ ಹೊಗೆಗಿಂತ ಕಾದ ಇಟ್ಟಿಗೆಯ ಪಾಲೇ ದೊಡ್ಡದು. ಇಟ್ಟಿಗೆ ಉಳಿಸಿಕೊಂಡು ಬೆಂಕಿ ಬದಲಿಸಿದರೆ ಬಹಳಷ್ಟು ಉಳಿಯಬಹುದು.

ಮನೆಯಲ್ಲಿ ಆ ಹಬೆಯನ್ನು ನಾವೇ ಕೊಡಬೇಕು. ಓವನ್ನಿನ ತಳದಲ್ಲಿ ಒಂದು ತಟ್ಟೆ ಕಾಯಲು ಇಟ್ಟು, ಬ್ರೆಡ್ ಒಳಗಿಡುವಾಗ ಅದಕ್ಕೆ ಕುದಿನೀರು ಹಾಕಿ ಬಾಗಿಲು ಮುಚ್ಚಿ. ಮೊದಲ ಹತ್ತು ನಿಮಿಷ ಹಬೆ ಇದ್ದರೆ ಮೇಲ್ಮೈ ಬೇಗ ಒಣಗುವುದಿಲ್ಲ. ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ಯೀಸ್ಟ್ ಸಾಯುವ ಮುಂಚೆ ಕೊನೆಯ ಸಲ ಜೋರಾಗಿ ಕೆಲಸ ಮಾಡುತ್ತದೆ, ಬ್ರೆಡ್ಡು ಕಣ್ಣೆದುರೇ ಎದ್ದು ನಿಲ್ಲುತ್ತದೆ. ಸಿಪ್ಪೆ ಮೊದಲೇ ಗಟ್ಟಿಯಾದರೆ ಅದು ಎಲ್ಲೋ ಬದಿಯಲ್ಲಿ ಒಡೆದುಕೊಂಡು ಹೊರಬರುತ್ತದೆ.

ಒಂದು ವಿಷಯ ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಒಂದೇ ಓವನ್ನು, ಹೊರಗೆ ಕಂದು, ಒಳಗೆ ಬಿಳಿ, ಯಾಕೆ? ಕಾರಣ ನೀರು. ಒಳಗೆ ನೀರಿರುವ ತನಕ ಆ ಭಾಗ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ ಜೋರಾಗಿ ಹುಟ್ಟುವುದು 140 ಡಿಗ್ರಿಯ ಆಚೆ, ಪ್ರೋಟೀನ್ ಮತ್ತು ಸಕ್ಕರೆ ಸೇರಿದಾಗ. ಒಣಗಿದ ಸಿಪ್ಪೆ ಮಾತ್ರ ಅಷ್ಟು ಬಿಸಿಯಾಗುತ್ತದೆ. ಮಾವಾ ಕೇಕಿಗೆ ಅಂಥ ಬಣ್ಣ ಬರುವುದೂ ಇದರಿಂದಲೇ. ಮಾವಾದಲ್ಲಿ, ಅಂದರೆ ಖೋವಾದಲ್ಲಿ, ಹಾಲಿನ ಪ್ರೋಟೀನೂ ಸಕ್ಕರೆಯೂ ತುಂಬಿವೆ. ಬ್ರೆಡ್ ಬೆಂದಿತೋ ಎಂದು ತಿಳಿಯಲು ಮೇಲಿನ ಬಣ್ಣ ನಂಬಬೇಡಿ. ಕಡ್ಡಿಯಂಥ ಥರ್ಮಾಮೀಟರ್ ಚುಚ್ಚಿದರೆ ನಡುವೆ 93ರಿಂದ 96 ಡಿಗ್ರಿ ತೋರಿಸಬೇಕು. ಅದಿಲ್ಲದಿದ್ದರೆ ತಳ ತಟ್ಟಿ ನೋಡಿ. ಟೊಳ್ಳು ಸದ್ದು ಬರಬೇಕು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ.

ಕೇಕಿನಲ್ಲಿ ಎಲ್ಲ ತಿರುವುಮುರುವು

ಬ್ರೆಡ್ ಕಲಿತ ಕೈ ಕೇಕಿನಲ್ಲಿ ಎಡವುತ್ತದೆ. ಬ್ರೆಡ್ಡಿಗೆ ಬೇಕಾದ ಬಲೆ ಕೇಕಿಗೆ ಶತ್ರು. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಿದರೆ ಕೇಕು ರಬ್ಬರಾಗುತ್ತದೆ. ಸೌಟಿನಿಂದ ಮಡಚಿದ ಹಾಗೆ ಬೆರೆಸಿ, ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಬೇಕು. ಸಣ್ಣ ಗಂಟು ಇದ್ದರೂ ಪರವಾಗಿಲ್ಲ.

ಹಾಗಾದರೆ ಗಾಳಿ ಎಲ್ಲಿಂದ? ಮುಖ್ಯವಾಗಿ ಬೆಣ್ಣೆಯಿಂದ. ಬೆಣ್ಣೆ, ಸಕ್ಕರೆ ಸೇರಿಸಿ ತಿಕ್ಕುವಾಗ ಸಕ್ಕರೆಯ ಚೂಪು ಹರಳುಗಳು ಬೆಣ್ಣೆಯಲ್ಲಿ ಲಕ್ಷಾಂತರ ಸಣ್ಣ ತೂತು ಮಾಡುತ್ತವೆ. ಆ ತೂತುಗಳಲ್ಲಿ ಗಾಳಿ ಕೂರುತ್ತದೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನು ಊದುತ್ತದೆ ಅಷ್ಟೇ. ಗುಳ್ಳೆಯೇ ಇಲ್ಲದಿದ್ದರೆ ಪೌಡರ್ ಎಷ್ಟು ಸುರಿದರೂ ಅಷ್ಟಕ್ಕಷ್ಟೇ.

ಇಲ್ಲೂ ನಮ್ಮ ಸೆಖೆ ಅಡ್ಡ ಬರುತ್ತದೆ. 'ಬೆಣ್ಣೆಯನ್ನು ಒಂದು ಗಂಟೆ ಹೊರಗಿಡಿ' ಎನ್ನುತ್ತದೆ ರೆಸಿಪಿ. ಗಾಳಿ ಹಿಡಿಯಲು ಬೆಣ್ಣೆ 20 ಡಿಗ್ರಿ ಸುಮಾರಿಗೆ ಇರಬೇಕು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಹೊಳೆಯಬಾರದು. ನಮ್ಮಲ್ಲಿ ಒಂದು ಗಂಟೆ ಇಟ್ಟರೆ ತಟ್ಟೆಯಲ್ಲಿ ಎಣ್ಣೆ ಇರುತ್ತದೆ. ಕರಗಿದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ. ಸಣ್ಣ ತುಂಡು ಮಾಡಿ ಹತ್ತು ನಿಮಿಷ ಹೊರಗಿಟ್ಟರೆ ಸಾಕು. ತಿಕ್ಕುವಾಗ ಜಾರತೊಡಗಿದರೆ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಐದು ನಿಮಿಷ ಕೂರಿಸಿ. ಕಲಿಯಲು ಒಳ್ಳೆಯ ಕೇಕು ಬೇಕೆಂದರೆ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ನಾಲ್ಕನ್ನೂ ಒಂದೇ ತೂಕ ತೆಗೆದುಕೊಳ್ಳಿ. ಸಿಪ್ಪೆ ಬಿಟ್ಟರೆ ಮೊಟ್ಟೆ ಸುಮಾರು 50 ಗ್ರಾಂ, ನಾಲ್ಕಕ್ಕೆ 200. ಉಳಿದದ್ದೂ ಅಷ್ಟಷ್ಟೇ.

ನಮ್ಮವರಲ್ಲಿ ಮೊಟ್ಟೆ ತಾರದ ಮನೆಗಳು ಬೇಕಾದಷ್ಟಿವೆ. ಮೊಟ್ಟೆ ಬಿಟ್ಟರೆ ಏನು ಕಳೆದುಕೊಳ್ಳುತ್ತೇವೆ ಎಂದು ತಿಳಿದರೆ ಬದಲಿ ಹುಡುಕುವುದು ಸುಲಭ. ಮೊಟ್ಟೆ ಗಾಳಿ ಹಿಡಿಯುತ್ತದೆ, ಎಣ್ಣೆ ನೀರನ್ನು ಬೆಸೆಯುತ್ತದೆ, ಬಿಸಿಗೆ ಗಟ್ಟಿಯಾಗಿ ಗೋಡೆ ಕಟ್ಟುತ್ತದೆ. ಮೊಸರು, ಸೋಡಾ ಹಾಕಿದಾಗ ಗಾಳಿಯ ಕೆಲಸವಷ್ಟೇ ಆಯಿತು. ಮೊಸರಿನ ಹುಳಿಗೆ ಸೋಡಾ ತಾಗಿದರೆ ಇಂಗಾಲದ ಡೈಆಕ್ಸೈಡ್ ಬುಸಬುಸ ಬರುತ್ತದೆ. ಗೋಡೆಯ ಕೆಲಸ ಪೂರ್ತಿ ಪಿಷ್ಟದ ಮೇಲೆ ಬೀಳುತ್ತದೆ. ಅದಕ್ಕೆ ಎಗ್‌ಲೆಸ್ ಕೇಕು ಸ್ವಲ್ಪ ಪುಡಿಯಾಗುವುದು ಸಹಜ. ನನ್ನ ಅಳತೆ: ಮೈದಾ 190 ಗ್ರಾಂ, ಗಟ್ಟಿ ಮೊಸರು 240, ಸಕ್ಕರೆ 150, ಎಣ್ಣೆ ಅರ್ಧ ಕಪ್ಪು, ಸೋಡಾ ಅರ್ಧ ಚಿಕ್ಕ ಚಮಚ, ಬೇಕಿಂಗ್ ಪೌಡರ್ ಒಂದೂಕಾಲು ಚಿಕ್ಕ ಚಮಚ. ಬೆರೆಸಿದ ಮೇಲೆ ತಡಮಾಡಬಾರದು. ಸೋಡಾ ಒದ್ದೆಯಾದ ಕ್ಷಣದಿಂದಲೇ ಕೆಲಸ ಶುರು. ಹಿಟ್ಟು ಹಾಗೇ ಇಟ್ಟು ಫೋನ್ ಎತ್ತಿದರೆ ಗಾಳಿ ಹೊರಟೇ ಹೋಗುತ್ತದೆ. ಈನೋ ಕೂಡ ಹಾಗೆಯೇ, ಒಮ್ಮೆಲೇ ನೊರೆ ಬಂದು ಮುಗಿಯುತ್ತದೆ. ಬೇಕಿಂಗ್ ಪೌಡರ್ ಸ್ವಲ್ಪ ತಾಳ್ಮೆಯದು. ಅದರೊಳಗೇ ಸೋಡಾ, ಹುಳಿ ಎರಡೂ ಇರುತ್ತವೆ. ಎರಡು ಹಂತದಲ್ಲಿ ಕೆಲಸ ಮಾಡುವಂಥದ್ದಾದರೆ ಅರ್ಧ ಗಾಳಿಯನ್ನು ಬಿಸಿ ತಾಗುವ ತನಕ ಉಳಿಸಿಕೊಳ್ಳುತ್ತದೆ. ಆದರೆ ಮಳೆಗಾಲದ ತೇವಕ್ಕೆ ಅದು ಡಬ್ಬಿಯಲ್ಲೇ ಸತ್ತಿರಬಹುದು. ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ. ನೊರೆ ಏಳದಿದ್ದರೆ ಬಿಸಾಡಿ.

ಕೇಕು ನಡುವೆ ಕುಸಿಯುವುದಕ್ಕೆ ಎಲ್ಲರೂ ಸೋಡಾ ಕಡಿಮೆಯಾಯಿತು ಎಂದುಕೊಳ್ಳುತ್ತಾರೆ. ಹೆಚ್ಚಾದಾಗಲೂ ಕುಸಿಯುತ್ತದೆ. ಗುಳ್ಳೆಗಳು ಬೇಗ ಬೇಗ ಊದಿ, ಒಂದಕ್ಕೊಂದು ಸೇರಿ, ಗೋಡೆ ಗಟ್ಟಿಯಾಗುವ ಮುಂಚೆಯೇ ಒಡೆಯುತ್ತವೆ. ಬಾಯಿಗೆ ಸೋಪಿನ ರುಚಿಯೂ ಬರುತ್ತದೆ. ಬಾಗಿಲು ಮೊದಲೇ ತೆರೆದಾಗ ಆಗುವುದೂ ಇದೇ, ಗೋಡೆ ಇನ್ನೂ ಹಸಿ. ನಡುವೆ ಗುಡ್ಡವಾಗಿ ಬಿರುಕು ಬಿಟ್ಟರೆ ಓವನ್ ಜಾಸ್ತಿ ಬಿಸಿ ಇತ್ತು ಎಂದರ್ಥ. ಅಂಚು ಮೊದಲೇ ಗಟ್ಟಿಯಾಗಿ ಕೂತಿತು, ನಡುವಿನ ಹಸಿ ಹಿಟ್ಟಿಗೆ ಮೇಲೆ ಹೋಗದೆ ಬೇರೆ ದಾರಿ ಇರಲಿಲ್ಲ.

ಓವನ್ ಹೇಳುವ ಸುಳ್ಳು

ನನ್ನ ಮೊದಲ ಒಟಿಜಿಯಲ್ಲಿ ಆರು ತಿಂಗಳು ಎಲ್ಲ ಕೇಕೂ ಮೇಲೆ ಕರಕಲು, ಒಳಗೆ ಹಸಿ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡಿದ್ದೆ. ಕ್ರಾಫರ್ಡ್ ಮಾರ್ಕೆಟ್ಟಿಗೆ ಕೇಕ್ ಟಿನ್ ತರಲು ಹೋದಾಗ ಅಂಗಡಿಯವರು ಒಂದು ಸಣ್ಣ ಓವನ್ ಥರ್ಮಾಮೀಟರ್ ಕೈಗೆ ಕೊಟ್ಟು "ಮೊದಲು ಇದನ್ನು ಒಳಗಿಟ್ಟು ನೋಡಿ" ಎಂದರು. ಡಯಲು 180 ಎನ್ನುತ್ತಿತ್ತು, ಥರ್ಮಾಮೀಟರ್ 210. ಆ ದಿನದಿಂದ ಡಯಲನ್ನು ನಾನು ಸುಮ್ನೆ ಅಂದಾಜು ಎಂದೇ ನೋಡುತ್ತೇನೆ.

ಓವನ್ ಕಾಯುತ್ತಿದೆ ಎಂದು ತೋರಿಸುವ ದೀಪ ಆರಿದ ಕೂಡಲೇ ಟಿನ್ ಇಡಬೇಡಿ. ಆಗ ಕಾದಿರುವುದು ಗಾಳಿ, ಗೋಡೆಯಲ್ಲ. ಬಾಗಿಲು ತೆರೆದರೆ ಆ ಗಾಳಿ ಹೊರಬಂದು ನಿಮ್ಮ ಮುಖಕ್ಕೆ ಬಡಿಯುತ್ತದೆ, ಒಳಗೆ ಏನೂ ಉಳಿಯುವುದಿಲ್ಲ. ಇನ್ನೂ ಹತ್ತು ಹದಿನೈದು ನಿಮಿಷ ಬಿಡಿ. ಫ್ಯಾನ್ ಇರುವ ಕನ್ವೆಕ್ಷನ್ ಮೈಕ್ರೋವೇವ್ ಆದರೆ ರೆಸಿಪಿಗಿಂತ 20 ಡಿಗ್ರಿ ಕಡಿಮೆ ಇಡಿ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಉಪ್ಪು ಹರಡಿ, ರಬ್ಬರು, ಸೀಟಿ ತೆಗೆದು, ನೀರಿಲ್ಲದೆ ಕೇಕು ಮಾಡುತ್ತಾರೆ. ಕೇಕು ಚೆನ್ನಾಗಿಯೇ ಬೇಯುತ್ತದೆ. ಮೇಲೆ ಬಣ್ಣ ಮಾತ್ರ ಬರುವುದಿಲ್ಲ, ಬಿಸಿ ಇರುವುದು ಕೆಳಗೆ. ಗೋವಾದ ಬೆಬಿಂಕ ಇದಕ್ಕೆ ನೇರ ವಿರುದ್ಧ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿ, ಒಂದೊಂದೇ ಪದರ ಹೊಯ್ದು, ಮೇಲಿನಿಂದ ಬಿಸಿ ಕೊಡುತ್ತಾರೆ. ಹಿಂದೆ ಮುಚ್ಚಳದ ಮೇಲೆ ಕೆಂಡ ಹಾಕುತ್ತಿದ್ದರು. ಪ್ರತಿ ಪದರಕ್ಕೂ ಕಂದು ಗೆರೆ ಬಂದ ಮೇಲೆ ಮುಂದಿನದು. ಏಳು ಪದರ, ಕೆಲವು ಮನೆಯಲ್ಲಿ ಹದಿನಾರು. ಉಬ್ಬುವ ಆಸೆಯೇ ಇಲ್ಲದ ಕೇಕು ಅದು, ಬೇಕಿಂಗ್ ಪೌಡರಿಗೆ ಅಲ್ಲಿ ಕೆಲಸವೇ ಇಲ್ಲ.

ಬೆಂದ ಮೇಲೆ

ಬಿಸಿ ಬ್ರೆಡ್ಡನ್ನು ಕತ್ತರಿಸಬೇಡಿ ಎನ್ನುವುದು ಮಕ್ಕಳನ್ನು ಕಾಯಿಸಲು ಹೇಳುವ ಮಾತಲ್ಲ. ಒಳಗಿನ ಪಿಷ್ಟ ಇನ್ನೂ ಅಂಟಂಟಾಗಿರುತ್ತದೆ, ಆರುತ್ತಾ ಗಟ್ಟಿಯಾಗುತ್ತದೆ. ಒಂದು ಗಂಟೆಯಾದರೂ ಜಾಲರಿಯ ಮೇಲಿಡಿ. ತಟ್ಟೆಯ ಮೇಲಿಟ್ಟರೆ ಹಬೆ ಕೆಳಗೆ ಸಿಕ್ಕಿ ತಳ ಒದ್ದೆಯಾಗುತ್ತದೆ.

ಮರುದಿನ ಬ್ರೆಡ್ಡು ಗಟ್ಟಿಯಾಗುವುದು ಒಣಗಿದ್ದರಿಂದ ಮಾತ್ರವಲ್ಲ. ಬೇಯುವಾಗ ನೀರು ಕುಡಿದು ಸಡಿಲವಾಗಿದ್ದ ಪಿಷ್ಟ ನಿಧಾನಕ್ಕೆ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತದೆ. ರಾತ್ರಿಯ ಅನ್ನ ಬೆಳಗ್ಗೆ ಬಿರುಸಾಗುತ್ತದಲ್ಲ, ಅದೇ. ಈ ಕೆಲಸ ಅತಿ ಬೇಗ ನಡೆಯುವುದು ಫ್ರಿಜ್ಜಿನ ಚಳಿಯಲ್ಲಿ. ಹೊರಗಿಟ್ಟರೆ ಮಳೆಗಾಲದ ಮುಂಬಯಿಯಲ್ಲಿ ಮೂರನೇ ದಿನಕ್ಕೆ ಬೂಷ್ಟು. ಅಂಗಡಿ ಬ್ರೆಡ್ಡಿನಲ್ಲಿ ಬೂಷ್ಟು ತಡೆಯಲು ಕ್ಯಾಲ್ಸಿಯಂ ಪ್ರೊಪಿಯೊನೇಟ್ ಇರುತ್ತದೆ, ನಮ್ಮದರಲ್ಲಿ ಇಲ್ಲ. ಹಾಗಾಗಿ ಒಂದು ದಿನಕ್ಕೆ ಬೇಕಾದ್ದು ಹೊರಗೆ, ಉಳಿದದ್ದು ಹೋಳು ಮಾಡಿ ಫ್ರೀಜರಿಗೆ. ಫ್ರೀಜರಿನಲ್ಲಿ ಪಿಷ್ಟ ಅಲುಗಾಡುವುದಿಲ್ಲ. ಬೇಕಾದಾಗ ನೇರ ಟೋಸ್ಟರಿಗೆ ಹಾಕಬಹುದು.

ಜೋಡಿಸಿಕೊಂಡ ಪಿಷ್ಟವನ್ನು 60 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿದರೆ ಮತ್ತೆ ಸಡಿಲವಾಗುತ್ತದೆ. ಪಾವ್ ಭಾಜಿ ಗಾಡಿಯವರು ಸಂಜೆ ಏಳಕ್ಕೆ ಬೆಳಗಿನ ಪಾವನ್ನು ಬೆಣ್ಣೆ ಹಾಕಿ ತವಾದ ಮೇಲೆ ಒತ್ತಿದಾಗ ಅದು ಆಗತಾನೇ ಬಂದ ಹಾಗೆ ಮೆತ್ತಗಾಗುವುದು ಹೀಗೆ. ಮನೆಯಲ್ಲಿ ನಾನು ನಿನ್ನೆಯ ಪಾವಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಕಾವಲಿಯ ಮೇಲೆ ಮುಚ್ಚಿ ಎರಡು ನಿಮಿಷ ಇಡುತ್ತೇನೆ. ಆ ಮೆತ್ತನೆತನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆರಿದರೆ ಮೊದಲಿಗಿಂತ ಗಟ್ಟಿ. ಅದಕ್ಕೆ ಚಹಾ ಸೋಸಿದ ಮೇಲೆಯೇ ಕಾವಲಿ ಒಲೆಗಿಡುವುದು.